ಕೆರೆಯೇ ವಿಮಾನ ನಿಲ್ದಾಣ

ನೀರಿನ ಮೇಲೆ ಇಳಿದು ಏಳುವ ವಿಮಾನವಾದ ಫ್ಲೈಯಿಂಗ್ ಬೋಟ್ ಅಂದರೆ ಸಿರಿವಂತರ ಷೋಕಿ ಎಂಬ ಅಭಿಪ್ರಾಯ ಬೇರೂರಿಬಿಟ್ಟಿದೆ. ಅಸಲಿಗೆ ಅದನ್ನು ದೂರದ ಮಾರ್ಗಗಳಿಗೆ ತಂದದ್ದು ರನ್‌ವೇಗಳ ಅಭಾವ. 1930ರ ದಶಕದಲ್ಲಿ ಬ್ರಿಟನ್ ತನ್ನ ಸಾಮ್ರಾಜ್ಯದ ಅಂಚೆಯನ್ನು ವಿಮಾನದಲ್ಲಿ ಸಾಗಿಸಲು ಹೊರಟಾಗ ಇಂಪೀರಿಯಲ್ ಏರ್‌ವೇಸ್‌ಗೆ ಭಾರೀ ವಿಮಾನಗಳು ಬೇಕಾದವು. ಮಳೆ ಬಂದರೆ ಕೆಸರಾಗುವ ಮೈದಾನಗಳಲ್ಲಿ ಅವನ್ನು ಇಳಿಸುವುದು ಹೇಗೆ? ನೀರಾದರೋ ಬಿಟ್ಟಿ ಸಿಗುತ್ತಿತ್ತು. ಷಾರ್ಟ್ ಬ್ರದರ್ಸ್ ಕಟ್ಟಿದ ‘ಎಂಪೈರ್’ ಬೋಟ್ 1936ರಲ್ಲಿ ಮೊದಲು ಹಾರಿತು. 1938ರಲ್ಲಿ ಸೌತಾಂಪ್ಟನ್‌ನಿಂದ ಸಿಡ್ನಿಯವರೆಗೆ ಸೇವೆ ಶುರುವಾಯಿತು. ದಾರಿಯಲ್ಲಿ ಗಲಿಲೀ ಸರೋವರ, ಕೋಲ್ಕತ್ತದ ಹೂಗ್ಲಿ ನದಿ. ನಡುವೆ, 17ನೇ ಶತಮಾನದಲ್ಲಿ ಮೇವಾಡದ ರಾಣಾ ರಾಜಸಿಂಗ್ ಕಟ್ಟಿಸಿದ ರಾಜಸಮಂದ್ ಕೆರೆಯೂ ನಿಲ್ದಾಣವಾಯಿತು!

ಷೋಕಿಯಲ್ಲವಾದರೆ ಈ ಬೋಟ್‌ಗಳಲ್ಲಿ ವಿಶಾಲ ಕ್ಯಾಬಿನ್, ದಾರಿಯಲ್ಲಿ ಪ್ರಯಾಣಿಕರಿಗೆ ರಾತ್ರಿ ಹೋಟೆಲ್ ವಾಸ ಏಕೆ ಎಂದು ಕೇಳಬಹುದು. ಎರಡಕ್ಕೂ ಕಾರಣ ನೀರೇ. ಏಳುವಾಗ ಚಿಮ್ಮುವ ನೀರು ಪ್ರೊಪೆಲರ್‌ಗೆ ತಾಗದಂತೆ ರೆಕ್ಕೆಯನ್ನು ಎತ್ತರದಲ್ಲಿಡಬೇಕು. ಅದಕ್ಕಾಗಿ ಒಡಲನ್ನು ಆಳವಾಗಿ ಮಾಡಿದರು, ಜಾಗ ತಾನಾಗಿ ಸಿಕ್ಕಿತು. ಕತ್ತಲಲ್ಲಿ ನೀರಿಗಿಳಿಯುವುದು ಅಪಾಯ, ಆದ್ದರಿಂದ ಹೋಟೆಲ್. ಡಚ್ಚರ ವಿಮಾನ ಕಂಪನಿ ಕೆಎಲ್‌ಎಂ ಚಕ್ರದ ವಿಮಾನಗಳಲ್ಲೇ ಬಟೇವಿಯಾಕ್ಕೆ (ಇಂದಿನ ಜಕಾರ್ತ) ಹೋಗುತ್ತಿತ್ತಲ್ಲ ಎಂಬ ಆಕ್ಷೇಪ ಇನ್ನೂ ಬಲವಾದದ್ದು. ಹೋಗುತ್ತಿತ್ತು, ಬೇಗವಾಗಿಯೂ. ಆದರೆ ಅದರ ಡಿಸಿ-3ರ ತುಂಬಿದ ತೂಕ ಸುಮಾರು 11 ಟನ್, ಎಂಪೈರ್ ಬೋಟ್‌ನದು 18. ಸುರಕ್ಷತೆಯ ವಾದವನ್ನು ಮಾತ್ರ ನಾನು ಒಪ್ಪಲಾರೆ. ಎಂಜಿನ್ ಕೆಟ್ಟರೆ ಸಮುದ್ರದಲ್ಲಿ ಇಳಿದರಾಯಿತು ಎನ್ನುತ್ತಿದ್ದರು. 1939ರ ಜನವರಿಯಲ್ಲಿ ನ್ಯೂಯಾರ್ಕ್‌ನಿಂದ ಬರ್ಮುಡಾಕ್ಕೆ ಹೊರಟಿದ್ದ ‘ಕ್ಯಾವಲಿಯರ್’ ಎಂಬ ಎಂಪೈರ್ ಬೋಟ್ ಕಾರ್ಬುರೇಟರ್‌ನಲ್ಲಿ ಹಿಮ ಕಟ್ಟಿ ಅಟ್ಲಾಂಟಿಕ್‌ಗಿಳಿದು, ಮುಳುಗಿಯೇ ಹೋಯಿತು. ಮೂವರು ಸತ್ತರು.

ಎರಡನೇ ಮಹಾಯುದ್ಧದಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಬಾಂಬರ್‌ಗಳಿಗಾಗಿ ಸರ್ಕಾರಗಳೇ ಎಲ್ಲೆಡೆ ಕಾಂಕ್ರೀಟ್ ರನ್‌ವೇ ಹಾಕಿಸಿದವು. ವಿಮಾನ ಕಂಪನಿಗಳಿಗೆ ಅವು ಸಿದ್ಧವಾಗಿ ದೊರೆತವು. ಅದೇ ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗೆ ಬರುತ್ತಿದ್ದ ಕ್ಯಾಟಲಿನಾ ಬೋಟ್‌ಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಯುದ್ಧ ಮುಗಿದ ಮೇಲೆ ಉಪ್ಪುನೀರಿನ ತುಕ್ಕು, ದಡ ಮುಟ್ಟಿಸುವ ಲಾಂಚ್‌ಗಳ ಖರ್ಚು, ಭಾರದ ಒಡಲು ಕುಡಿಯುವ ಪೆಟ್ರೋಲು ಇವೆಲ್ಲ ಬರೀ ಹೊರೆಯಾದವು. ಇಂಪೀರಿಯಲ್‌ನ ಉತ್ತರಾಧಿಕಾರಿ ಬಿಒಎಸಿ 1950ರ ನವೆಂಬರ್‌ನಲ್ಲಿ ತನ್ನ ಕೊನೆಯ ಫ್ಲೈಯಿಂಗ್ ಬೋಟ್ ಸೇವೆಯನ್ನು ನಿಲ್ಲಿಸಿತು.