ಸಂಧಿವಾತದ ಕೈ: ಶಸ್ತ್ರಚಿಕಿತ್ಸೆ ಯಾವಾಗ, ಏತಕ್ಕೆ?

ನಮ್ಮ ವಾಚನಾಲಯಕ್ಕೆ ದಿನವೂ ಸಂಜೆ ಬಂದು ಪತ್ರಿಕೆಗಳನ್ನು ಓದಿಹೋಗುವ ಹಿರಿಯರೊಬ್ಬರು ಕೆಲವು ತಿಂಗಳ ಹಿಂದೆ ಒಂದು ಸಂಗತಿ ಹೇಳಿದರು. ಅವರ ಮನೆಯವರಿಗೆ ಹತ್ತು ಹನ್ನೆರಡು ವರ್ಷಗಳಿಂದ ಸಂಧಿವಾತ. ಒಂದು ಬೆಳಿಗ್ಗೆ ಚಪಾತಿಯ ಹಿಟ್ಟು ನಾದಿ ಕೈ ತೊಳೆಯುವಾಗ ಆಕೆಯ ಬಲಗೈಯ ಕಿರುಬೆರಳು ಬಾಗಿದ್ದು ಬಾಗಿದಂತೆಯೇ ಉಳಿಯಿತು. ಎಡಗೈಯಿಂದ ಎತ್ತಿದರೆ ಏಳುತ್ತದೆ, ಬಿಟ್ಟರೆ ಬೀಳುತ್ತದೆ. ನೋವು ಮಾತ್ರ ಇಲ್ಲ. “ನೋವೇ ಇಲ್ಲದ ಮೇಲೆ ಡಾಕ್ಟರ ಬಳಿಗೆ ಏಕೆ? ಕಿರುಬೆರಳು ತಾನೆ!” ಎಂದು ಇಬ್ಬರೂ ಸುಮ್ಮನಾದರು. ಐದು ವಾರ ಕಳೆಯುವುದರೊಳಗೆ ಉಂಗುರದ ಬೆರಳೂ ಬಿದ್ದಿತು.

ಸಂಧಿವಾತದ ಕೈಗೆ ಶಸ್ತ್ರಚಿಕಿತ್ಸೆ ಉಂಟೆಂಬುದೇ ಅನೇಕರಿಗೆ ತಿಳಿಯದು. ತಿಳಿದವರೂ ಅದು ಎಲ್ಲಾ ಮುಗಿದ ಮೇಲಿನ ಮಾತೆಂದು ಭಾವಿಸುತ್ತಾರೆ. ಆದ್ದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಮಗೆ ತೋರಿತು.

ಕೀಲುನೋವೆಲ್ಲ ಒಂದೇ ಅಲ್ಲವೆಂಬುದನ್ನು ಮೊದಲು ತಿಳಿಯಬೇಕು. ವಯಸ್ಸಾದಂತೆ ಬೆರಳ ತುದಿಯ ಕೀಲುಗಳಲ್ಲಿ ಗಂಟು ಕಟ್ಟುವುದು ಸವೆತದ ರೋಗ. ನಾವು ಇಲ್ಲಿ ಹೇಳುತ್ತಿರುವುದು ಬೇರೆ. ಶರೀರವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ತಪ್ಪಿ ನಡೆದು, ಕೀಲುಗಳ ಒಳಪೊರೆಯ ಮೇಲೆ ಬೀಳುವ ರೋಗವಿದು. ಸಾಮಾನ್ಯವಾಗಿ ಎರಡೂ ಕೈಗಳ ಮಣಿಕಟ್ಟು, ಬೆರಳ ಬುಡದ ಗೆಣ್ಣು, ನಡುವಿನ ಗೆಣ್ಣು ಬಾತುಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಕೈ ಬಹಳ ಹೊತ್ತು ಬಿಗಿದಿರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಬಾತ ಪೊರೆಯು ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ಕೀಲನ್ನು ಹಿಡಿದಿರುವ ಕಟ್ಟುಗಳು ಸಡಿಲವಾಗುತ್ತವೆ. ಬೆರಳುಗಳು ಕ್ರಮೇಣ ಕಿರುಬೆರಳಿನ ಕಡೆಗೆ ವಾಲುತ್ತವೆ.

ಇನ್ನು ಬೆರಳು ಬೀಳುವ ಮಾತು. ಬೆರಳನ್ನು ಎತ್ತುವ ಸ್ನಾಯುಗಳು ಬೆರಳಲ್ಲಿ ಇಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಬಿಳಿಯ ಹುರಿಗಳು ಮಣಿಕಟ್ಟಿನ ಮೇಲ್ಭಾಗದಲ್ಲಿ ಒಂದು ಪಟ್ಟಿಯ ಕೆಳಗೆ ಹಾದು ಬೆರಳುಗಳಿಗೆ ಹೋಗುತ್ತವೆ. ಪಠ್ಯಪುಸ್ತಕಗಳು ಇವನ್ನು ಸ್ನಾಯುರಜ್ಜು ಎನ್ನುತ್ತವೆ, ಡಾಕ್ಟರು ಟೆಂಡನ್ ಎನ್ನುತ್ತಾರೆ. ನಾವು ಹುರಿ ಎಂದೇ ಕರೆಯೋಣ. ಈ ಹುರಿಗಳು ಜಾರುವ ದಾರಿಗೂ ಕೀಲಿನದೇ ಜಾತಿಯ ಪೊರೆಯುಂಟು, ಅದೂ ಬಾಯುತ್ತದೆ. ಮೇಲಾಗಿ ಮಣಿಕಟ್ಟಿನ ಹೊರಬದಿಯಲ್ಲಿ, ಕಿರುಬೆರಳಿನ ಸಾಲಿನಲ್ಲಿ, ಒಂದು ಎಲುಬಿನ ಗುಬುಟು ಇದೆ. ರೋಗದಿಂದ ಅದು ಸಡಿಲವಾಗಿ ಮೇಲೆದ್ದು, ಅಂಚು ಒರಟಾಗುತ್ತದೆ. ಬಾವಿಯ ಹಗ್ಗ ಕಲ್ಲಿನ ಅಂಚಿಗೆ ಉಜ್ಜಿ ಉಜ್ಜಿ ಎಳೆ ಎಳೆಯಾಗಿ ಸವೆದು ಒಂದು ದಿನ ಥಟ್ಟನೆ ಹರಿಯುವುದಿಲ್ಲವೆ? ಇಲ್ಲಿಯೂ ಹಾಗೆಯೇ. ಇದನ್ನು 1948ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಾನ್-ಜಾಕ್ಸನ್ ವಿವರಿಸಿದರು. ಈ ಕೇಡಿಗೆ ಇಂದಿಗೂ ಅವರದೇ ಹೆಸರು.

ಇದರಲ್ಲಿ ನೆನಪಿಡಬೇಕಾದುದು ಒಂದು ಕ್ರಮ. ಸಾಮಾನ್ಯವಾಗಿ ಮೊದಲು ಕಿರುಬೆರಳಿನ ಹುರಿ, ಆಮೇಲೆ ಉಂಗುರದ ಬೆರಳಿನದು, ಅನಂತರ ನಡುಬೆರಳಿನದು. ಒರಟು ಅಂಚು ಅಲ್ಲಿಯೇ ಇರುವ ತನಕ ಸವೆತ ನಿಲ್ಲದು. ಆದ್ದರಿಂದ ನೋವಿಲ್ಲದೆ ಬಿದ್ದ ಕಿರುಬೆರಳು ಅಲ್ಪ ಸಂಗತಿಯಲ್ಲ, ಅದು ಎಚ್ಚರಿಕೆಯ ಗಂಟೆ. ಕೀಲು ಜಾರಿದಾಗಲೂ, ನರಕ್ಕೆ ಒತ್ತಡ ಬಿದ್ದಾಗಲೂ ಬೆರಳು ಏಳದಿರಬಹುದು. ಯಾವುದೆಂದು ಪರೀಕ್ಷಿಸಿಯೇ ಹೇಳಬೇಕು. ಹೇಗಿದ್ದರೂ ದಿನಗಳೊಳಗೆ ತೋರಿಸಬೇಕೇ ಹೊರತು ತಿಂಗಳುಗಳ ಮೇಲಲ್ಲ.

ಹರಿದ ಹುರಿಯ ತುದಿಗಳು ನವೆದುಹೋಗಿರುವುದರಿಂದ ಅವನ್ನೇ ತಂದು ಹೊಲಿಯಲು ಸಾಮಾನ್ಯವಾಗಿ ಬರುವುದಿಲ್ಲ. ಪಕ್ಕದ ಗಟ್ಟಿ ಹುರಿಗೆ ಅದನ್ನು ಸೇರಿಸಿ ಹೊಲಿಯುತ್ತಾರೆ. ಇಲ್ಲವೇ ತೋರುಬೆರಳಿಗಿರುವ ಎರಡು ಎತ್ತುವ ಹುರಿಗಳಲ್ಲಿ ಒಂದನ್ನು ತಿರುಗಿಸಿ ತಂದು ಜೋಡಿಸುತ್ತಾರೆ. ಜೊತೆಗೆ ಬಾತ ಪೊರೆಯನ್ನು ತೆಗೆದು, ಒರಟು ಎಲುಬಿನ ತುದಿಯನ್ನು ಸರಿಪಡಿಸುತ್ತಾರೆ. ಹರಿದುದು ಒಂದೇ ಆದರೆ ಫಲ ಚೆನ್ನಾಗಿರುತ್ತದೆ. ಮೂರು ನಾಲ್ಕಾದರೆ ಸಾಲ ಕೊಡುವ ಗಟ್ಟಿ ಹುರಿಗಳೇ ಕಡಿಮೆಯಾಗುತ್ತವೆ. ಈ ಬಗೆಯ ಹುರಿ ಬದಲಾವಣೆ ನಮ್ಮ ದೇಶಕ್ಕೆ ಹೊಸದೇನಲ್ಲ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು 1940ರ ದಶಕದ ಕೊನೆಯಿಂದಲೇ, ಕುಷ್ಠರೋಗದಿಂದ ಮಡಿಚಿಹೋದ ಕೈಗಳನ್ನು ಇದೇ ತತ್ತ್ವದಿಂದ ಕೆಲಸಕ್ಕೆ ತಂದರು.

ಹರಿಯುವ ಮೊದಲೇ ಎಚ್ಚೆತ್ತರೆ ಮತ್ತೂ ಒಳ್ಳೆಯದು. ಮಣಿಕಟ್ಟಿನ ಮೇಲೆ ಮೆತ್ತನೆಯ ಊತವಿದ್ದು, ಕೆಲವು ತಿಂಗಳು ಸರಿಯಾಗಿ ಔಷಧ ತೆಗೆದುಕೊಂಡರೂ ಇಳಿಯದಿದ್ದರೆ, ಪೊರೆಯನ್ನು ಶುದ್ಧಿ ಮಾಡಿ ಹುರಿಗಳನ್ನು ಉಳಿಸಬಹುದು.

ಕೆಟ್ಟ ಕೀಲುಗಳಿಗೂ ಉಪಾಯವುಂಟು. ಮಣಿಕಟ್ಟು ಬಹಳ ಕೆಟ್ಟು ನೋಯುತ್ತಿದ್ದರೆ ಎಲುಬುಗಳನ್ನು ಒಂದಾಗಿ ಬೆಸೆಯುತ್ತಾರೆ. ಅಲ್ಲಿಗೆ ಮಣಿಕಟ್ಟಿನ ಬಾಗುವಿಕೆ ಹೋಯಿತು, ಆದರೆ ನೋವೂ ಹೋಯಿತು. ಹಿಡಿತಕ್ಕೆ ಬಲ ಬಂದಿತು. ಬೆರಳ ಬುಡದ ಗೆಣ್ಣುಗಳಿಗೆ ಸಿಲಿಕೋನಿನ ಬಾಗುವ ತುಂಡನ್ನು ಇಡುತ್ತಾರೆ. ಅಮೆರಿಕದ ಡಾ. ಆಲ್ಫ್ರೆಡ್ ಸ್ವಾನ್ಸನ್ 1960ರ ದಶಕದಲ್ಲಿ ರೂಪಿಸಿದ ವಿಧಾನವಿದು. ವಾಲಿದ ಬೆರಳು ನೆಟ್ಟಗಾಗುತ್ತದೆ, ಅಂಗೈ ಬಿಚ್ಚುತ್ತದೆ, ನೋವು ತಗ್ಗುತ್ತದೆ. ಹಿಡಿತದ ಬಲ ಮಾತ್ರ ಹೆಚ್ಚು ಏರುವುದಿಲ್ಲ. ವರ್ಷಗಳು ಕಳೆದಂತೆ ಆ ತುಂಡು ಮುರಿಯಲೂಬಹುದು. ಇದನ್ನು ಮೊದಲೇ ತಿಳಿದವರಿಗೆ ಆಮೇಲೆ ನಿರಾಶೆಯಿಲ್ಲ.

ಹಾಗೆಂದು ಸೊಟ್ಟಗಾದ ಕೈಗೆಲ್ಲ ಕತ್ತಿ ಬೇಕಿಲ್ಲ. ನೋಡಲು ವಿಕಾರವಾಗಿದ್ದರೂ ನೋವಿಲ್ಲದೆ, ಗುಂಡಿ ಹಾಕುವುದು, ಲೋಟ ಹಿಡಿಯುವುದು, ಬೀಗ ತೆಗೆಯುವುದು ಎಲ್ಲವನ್ನೂ ಮಾಡುವ ಕೈಗಳುಂಟು. ಅವನ್ನು ಹಾಗೆಯೇ ಬಿಡುವುದು ಜಾಣತನ. “ಕೈ ಹೇಗೆ ಕಾಣುತ್ತದೆ” ಎಂದಲ್ಲ, “ಕೈಯಿಂದ ಏನು ಮಾಡಲಾಗುತ್ತಿಲ್ಲ, ಎಲ್ಲಿ ನೋವು” ಎಂದು ಕೇಳಿಕೊಳ್ಳಬೇಕು.

ಶಸ್ತ್ರಚಿಕಿತ್ಸೆ ರೋಗವನ್ನು ಗುಣಪಡಿಸುವುದಿಲ್ಲ ಎಂಬುದನ್ನೂ ಮರೆಯಬಾರದು. ರೋಗವನ್ನು ತಡೆಯುವುದು ಔಷಧದ ಕೆಲಸ. ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ 1980ರ ದಶಕದಿಂದ ಬಳಕೆಗೆ ಬಂದಿತು. 1990ರ ದಶಕದ ಕೊನೆಯಲ್ಲಿ ಇನ್ನೂ ಹೊಸ ಔಷಧಗಳು ಬಂದುವು. ಇವುಗಳಿಂದ ಕೈ ಕೆಡುವುದೇ ಕಡಿಮೆಯಾಗಿ, ಕತ್ತಿಯ ಕೆಲಸವೂ ಕಡಿಮೆಯಾಗಿದೆ. ಫಿನ್ಲೆಂಡಿನ ಹೈನೋಲಾದಲ್ಲಿ ಕೌಕೊ ವೈನಿಯೊ ಅವರು 1950ರ ದಶಕದಲ್ಲಿ ಸಂಧಿವಾತದವರಿಗಾಗಿಯೇ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದ್ದು ಸಂಧಿವಾತದ ಆಸ್ಪತ್ರೆಯಲ್ಲಿಯೇ. ಔಷಧದ ವೈದ್ಯರೂ ಶಸ್ತ್ರದ ವೈದ್ಯರೂ ಕೂಡಿ ನೋಡಬೇಕಾದ ರೋಗವಿದು.

ಶಸ್ತ್ರಚಿಕಿತ್ಸೆಗೆ ಒಪ್ಪಿದವರು ಎರಡು ಮಾತು ನೆನಪಿಡಬೇಕು. ಸೇವಿಸುವ ಔಷಧಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು. ತಾವಾಗಿ ಯಾವುದನ್ನೂ ನಿಲ್ಲಿಸಬಾರದು. ಕುತ್ತಿಗೆನೋವಿದ್ದರೆ ಅರಿವಳಿಕೆ ಕೊಡುವವರಿಗೆ ಮುಂಚೆಯೇ ಹೇಳಬೇಕು. ಈ ರೋಗ ಕುತ್ತಿಗೆಯ ಎಲುಬುಗಳನ್ನೂ ಸಡಿಲಿಸುವುದುಂಟು. ಅನೇಕ ವೇಳೆ ತೋಳನ್ನು ಮಾತ್ರ ಜೋಮುಗೊಳಿಸಿ ಕೆಲಸ ಮುಗಿಸುತ್ತಾರೆ.

ಅನಂತರ ಹಲವು ವಾರ ಕೈಗೆ ಆಸರೆಪಟ್ಟಿ, ಹೇಳಿಕೊಟ್ಟಂತೆ ದಿನವೂ ವ್ಯಾಯಾಮ. ಅರ್ಧ ಫಲ ಇದರಿಂದಲೇ. ಆಗ ಮನೆಯ ಉಳಿದವರು ಅಡಿಗೆಯ ಪಾತ್ರೆಗೆ ಕೈ ಹಾಕಬೇಕು. ನಮ್ಮಲ್ಲಿ ಎಷ್ಟೋ ತಾಯಂದಿರು ಕೈ ತೋರಿಸದಿರುವುದು ಕತ್ತಿಗೆ ಹೆದರಿಯಲ್ಲ, “ಮನೆಯ ಕೆಲಸ ಯಾರು ಮಾಡುವವರು?” ಎಂದು.

ಆ ಹಿರಿಯರ ಮನೆಯವರಿಗೆ ಎರಡು ಬೆರಳು ಬಿದ್ದ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಉಂಗುರದ ಬೆರಳು ಈಗ ಚೆನ್ನಾಗಿ ಏಳುತ್ತದೆ. ಕಿರುಬೆರಳು ಮುಕ್ಕಾಲು ಪಾಲು. ನಡುಬೆರಳು ಉಳಿಯಿತು. ಚಪಾತಿಯ ಹಿಟ್ಟನ್ನು ಈಗ ನಾದುವವರು ಹಿರಿಯರೇ. “ಐದು ವಾರ ಮೊದಲೇ ಹೋಗಿದ್ದರೆ ಒಂದೇ ಬೆರಳಿನ ಮಾತಾಗಿತ್ತು. ಇದನ್ನು ನಿಮ್ಮ ಪತ್ರಿಕೆಯಲ್ಲಿ ಹಾಕಿ” ಎಂದರು. ಹಾಕಿದ್ದೇವೆ.