ಈ ಮಾತಿಗೆ ಆಧಾರವೇನು?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳ ಮಕ್ಕಳಲ್ಲಿ ಅನೇಕರು ಈಗ ಬಿ.ಎ., ಎಂ.ಎ. ತರಗತಿಗಳಲ್ಲಿ ಓದುತ್ತಿರುವರು. ಪ್ರಬಂಧ ಒಪ್ಪಿಸುವ ಕಾಲ ಬಂದಿತೆಂದರೆ ಅವರು ಭಾನುವಾರ ಬೆಳಿಗ್ಗೆಯೇ ಬಂದು ಕಪಾಟುಗಳ ಮುಂದೆ ನಿಲ್ಲುವರು. ಅವರಿಗೆ ಬೇಕಾದ ಪುಸ್ತಕವನ್ನು ಹುಡುಕಿಕೊಡುವುದು, ಸಂಜೆ ಅದನ್ನು ಮತ್ತೆ ಅದರ ಜಾಗದಲ್ಲಿಡುವುದು ಇಷ್ಟೇ ನನ್ನ ಕೆಲಸ. ನಾನು ಮೆಟ್ರಿಕ್ ಮುಗಿಸಿ ಗಿರಣಿಯ ಲೆಕ್ಕದ ಖಾತೆಯಲ್ಲಿ ಗುಮಾಸ್ತನಾದವನು. ಸಂಶೋಧನೆಯ ವಿಷಯದಲ್ಲಿ ಮಾತನಾಡಲು ಇವನಾರು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ಈ ಲೇಖನವನ್ನು ಬರೆಯಬೇಕಾಗಿ ಬಂದದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

ಎರಡು ವರ್ಷಗಳ ಹಿಂದೆ ರಾಜ್ಯೋತ್ಸವದ ಸಂಚಿಕೆಗೆ ಒಂದೂವರೆ ಪುಟದ ಲೇಖನ ಕಡಿಮೆ ಬಿದ್ದಿತು. ಅಚ್ಚಿಗೆ ಕೊಡುವ ದಿನ ಹತ್ತಿರ ಬಂದಿದ್ದರಿಂದ ನಾನೇ ಕುಳಿತು ಕನ್ನಡದ ಪ್ರಾಚೀನತೆಯ ಮೇಲೆ ಏನೋ ಬರೆದುಕೊಟ್ಟೆ. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ನಾಟಕವೊಂದರಲ್ಲಿ ಕನ್ನಡದ ಸಂಭಾಷಣೆಗಳಿವೆ, ಇದನ್ನು ಪಾಶ್ಚಾತ್ಯ ವಿದ್ವಾಂಸರೆಲ್ಲರೂ ಒಪ್ಪಿರುವರು ಎಂಬುದು ಅದರಲ್ಲಿನ ಒಂದು ವಾಕ್ಯ. ಓದಿದವರು ಸಂತೋಷಪಟ್ಟರು. ನಾನು ಮರೆತುಬಿಟ್ಟೆ.

ಈ ವರ್ಷ ನಮ್ಮ ಸದಸ್ಯರೊಬ್ಬರ ಮಗಳು ತನ್ನ ಎಂ.ಎ. ಪ್ರಬಂಧದ ಹಸ್ತಪ್ರತಿಯನ್ನು ಹಿಡಿದುಕೊಂಡು ಬಂದಳು. ನನ್ನ ವಾಕ್ಯವನ್ನು ಅವಳು ಇದ್ದಂತೆಯೇ ಎತ್ತಿಕೊಂಡು, ಕೆಳಗೆ ಅಡಿಟಿಪ್ಪಣಿಯಲ್ಲಿ ನಮ್ಮ ಸಂಚಿಕೆಯ ಹೆಸರನ್ನೂ ಪುಟವನ್ನೂ ಪ್ರಾಮಾಣಿಕವಾಗಿ ಕೊಟ್ಟಿದ್ದಳು. ಅವಳ ಮಾರ್ಗದರ್ಶಕರು ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ ಎರಡು ಪ್ರಶ್ನೆ ಬರೆದಿದ್ದರು: ಈ ಮಾತಿಗೆ ಆಧಾರವೇನು? ಎಲ್ಲರೂ ಎಂದರೆ ಯಾರು ಯಾರು?

"ಅಣ್ಣಾ, ಇದು ನೀವು ಬರೆದದ್ದಲ್ಲವೇ? ನಿಮಗೆ ಎಲ್ಲಿ ಸಿಕ್ಕಿತು ಅಂತ ಹೇಳಿ, ಅದನ್ನೇ ಹಾಕುತ್ತೇನೆ" ಎಂದಳು. ಪ್ರಬಂಧ ಒಪ್ಪಿಸಲು ಮೂರು ವಾರ ಉಳಿದಿತ್ತು.

ನನಗೆ ಎಲ್ಲಿ ಸಿಕ್ಕಿತ್ತು? ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು ಹೇಳಿದ್ದನ್ನು ಕೇಳಿದ್ದೆ, ಅಷ್ಟೆ. ಅವರು ಯಾವ ಪುಸ್ತಕ ನೋಡಿ ಹೇಳಿದರೋ ನಾನು ಕೇಳಿರಲಿಲ್ಲ. 'ಎಲ್ಲರೂ ಒಪ್ಪಿರುವರು' ಎಂಬ ಮಾತನ್ನಂತೂ ಅವರೂ ಆಡಿರಲಿಲ್ಲವೆಂದು ನೆನಪು. ವಾಕ್ಯಕ್ಕೆ ಒಂದು ತೂಕ ಬರಲೆಂದು ನಾನೇ ಸೇರಿಸಿದ್ದು.

ಗಿರಣಿಯಲ್ಲಿ ಇಂಥ ಕೆಲಸ ಮಾಡಿದ್ದರೆ ನನ್ನ ಮೇಜು ಆ ಸಂಜೆಯೇ ಖಾಲಿಯಾಗುತ್ತಿತ್ತು. ಅಲ್ಲಿ ಹತ್ತಿಗೆ ಹಣ ಕೊಟ್ಟರೆ ಮೊದಲು ವೋಚರು. ವೋಚರಿನ ನಂಬರು ಕಿರ್ದಿಯಲ್ಲಿ ಬರಬೇಕು, ಕಿರ್ದಿಯ ಪುಟ ಖತಾವಣಿಯಲ್ಲಿ ಬರಬೇಕು. ಈಗ ಇದೆಲ್ಲ ಕಂಪ್ಯೂಟರಿನಲ್ಲಿ ನಡೆದರೂ ಕ್ರಮ ಬದಲಾಗಿಲ್ಲ. ಲೆಕ್ಕ ತಪಾಸಣೆಗೆ ಬಂದವರು ಖತಾವಣಿಯ ಒಂದು ಅಂಕಿಯ ಮೇಲೆ ಬೆರಳಿಟ್ಟರೆ, ಹಿಂದೆ ಹಿಂದೆ ಹೋಗಿ ಹತ್ತಿ ಮಾರಿದವನ ರುಜುವಿರುವ ಚೀಟಿಯವರೆಗೆ ತಲುಪಬೇಕು. ನಡುವೆ ಒಂದು ಕೊಂಡಿ ತಪ್ಪಿದರೆ ಆ ಅಂಕಿ ಸರಿಯಾಗಿಯೇ ಇದ್ದರೂ ನಿಲ್ಲದು. ಪ್ರಬಂಧದ ಅಡಿಟಿಪ್ಪಣಿಯೂ ಇದೇ ಕೆಲಸ ಮಾಡುವುದೆಂದು ನನಗೆ ಹೊಳೆದದ್ದು ಆ ದಿನ. ಅವಳು ತನ್ನ ಕಡೆಯ ನಂಬರನ್ನು ಸರಿಯಾಗಿ ಹಾಕಿದ್ದಳು. ಅದರ ಹಿಂದಿನ ವೋಚರು ಇಲ್ಲದಿದ್ದುದು ನನ್ನ ಕಡೆಯಲ್ಲಿ.

ಆದುದರಿಂದ ಇಬ್ಬರೂ ಹುಡುಕಲು ಹೊರಟೆವು. ಹಳೆಯ ಪತ್ರಿಕೆಗಳಲ್ಲಿ ಕೆಲವು ಈಗ ಇಂಟರ್‌ನೆಟ್ಟಿನಲ್ಲಿ ಪುಟಪುಟದ ಚಿತ್ರವಾಗಿ ಸಿಗುತ್ತವೆ; ಉಳಿದದ್ದನ್ನು ಅವಳು ತನ್ನ ಕಾಲೇಜಿನ ಗ್ರಂಥಾಲಯದ ಮೂಲಕ ತರಿಸಿದಳು. ಇಂಗ್ಲಿಷ್ ಬಿಗಿಯಾದ ಕಡೆ ನಿವೃತ್ತ ಶಿಕ್ಷಕರೊಬ್ಬರು ನೆರವಾದರು. ಸಿಕ್ಕಿದ ಕಥೆ ನಾನು ಬರೆದ ವಾಕ್ಯಕ್ಕಿಂತ ಬಹಳ ಸ್ವಾರಸ್ಯವಾಗಿದೆ.

ಈಜಿಪ್ಟಿನಲ್ಲಿ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣವಿತ್ತು. ಅದರ ಕಸದ ದಿಬ್ಬಗಳನ್ನು ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು 1896ರಿಂದ ಅಗೆದು, ಪಪೈರಸ್ ಎಂಬ ಜೊಂಡಿನ ಹಾಳೆಗಳನ್ನು ರಾಶಿರಾಶಿಯಾಗಿ ತೆಗೆದರು. ಒಂದೊಂದಕ್ಕೂ ನಂಬರು ಕೊಟ್ಟು ಸಂಪುಟಗಳಾಗಿ ಅಚ್ಚು ಹಾಕಿದರು. 1903ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ 413ನೆಯ ನಂಬರಿನ ಹಾಳೆಯಲ್ಲಿ ಒಂದು ಪ್ರಹಸನವಿದೆ. ಖರಿತಿಯೊನ್ ಎಂಬ ಗ್ರೀಕ್ ಹುಡುಗಿ ಹಿಂದೂದೇಶದ ಕಡಲ ತೀರದಲ್ಲಿ ಒಂದು ದೇವಾಲಯದಲ್ಲಿ ಸಿಕ್ಕಿಬಿದ್ದಿರುವಳು. ಅವಳ ಅಣ್ಣ ಜೊತೆಗಾರರೊಡನೆ ಹಡಗಿನಲ್ಲಿ ಬಂದು, ಅಲ್ಲಿನ ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾಮದ್ಯವನ್ನು ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುವನು. ರಾಜನೂ ಅವನ ಕಡೆಯವರೂ ಆಡುವ ಮಾತುಗಳಲ್ಲಿ ಕೆಲವು ಗ್ರೀಕ್ ಅಲ್ಲ. ಲಿಪಿ ಗ್ರೀಕ್, ಮಾತು ಬೇರೆ ಏನೋ.

ಮರುವರ್ಷ, ಅಂದರೆ 1904ರಲ್ಲಿ, ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಯೂಜೆನ್ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಆ ಮಾತುಗಳಲ್ಲಿ ಕೆಲವು ಕನ್ನಡವಾಗಿರಬಹುದೆಂದು ಬರೆದರು. ಕೊಂಚ, ಮಧು, ಪಾತ್ರೆ ಎಂಬಂಥ ಪದಗಳು ಅವರಿಗೆ ಅಲ್ಲಿ ಕಂಡವು. ಕುಡಿತದ ಸಂದರ್ಭಕ್ಕೆ ಅವು ಹೊಂದುತ್ತವೆ ಕೂಡ. ಹುಲ್ಷ್ ಸಾಮಾನ್ಯರಲ್ಲ, ಮದರಾಸಿನಲ್ಲಿ ಸರಕಾರದ ಶಾಸನತಜ್ಞರಾಗಿದ್ದು ದಕ್ಷಿಣದ ಶಾಸನಗಳನ್ನು ಸಂಪುಟಗಳಲ್ಲಿ ಪ್ರಕಟಿಸಿದವರು. ಮುಂದೆ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಈ ವಿಚಾರವನ್ನು ಎತ್ತಿಹಿಡಿದರು.

ಇಲ್ಲಿಯವರೆಗೆ ಓದಿದಾಗ ನನಗೆ ಧೈರ್ಯ ಬಂದಿತ್ತು. ಅಷ್ಟರಲ್ಲಿ ಅವಳು ಇನ್ನೊಂದು ಲೇಖನವನ್ನು ಮುಂದಿಟ್ಟಳು. 1926ರಲ್ಲಿ ಈಜಿಪ್ಟಿನ ಪುರಾತತ್ವಕ್ಕೆ ಸಂಬಂಧಿಸಿದ ಇಂಗ್ಲಿಷ್ ಪತ್ರಿಕೆಯ 12ನೆಯ ಸಂಪುಟದಲ್ಲಿ ಎಲ್.ಡಿ. ಬಾರ್ನೆಟ್ ಬರೆದದ್ದು. ಅದರ ಶೀರ್ಷಿಕೆಯಲ್ಲೇ, ಕನ್ನಡವೆಂದು ಹೇಳಲಾಗಿರುವ ಮಾತುಗಳು ಎಂಬ ಅರ್ಥ ಬರುವಂತೆ ಸಂಶಯದ ಪದವಿದೆ. ಬಾರ್ನೆಟ್ ಹುಲ್ಷ್ ಅವರ ವಿಚಾರವನ್ನು ಒಪ್ಪಲಿಲ್ಲ. ಕನ್ನಡ ತಿಳಿಯದವರು ಏನೋ ಬರೆದಿರಬೇಕೆಂದು ತಳ್ಳಿಹಾಕೋಣವೆಂದರೆ, ಬ್ರಿಟಿಷ್ ಮ್ಯೂಸಿಯಂನ ಕನ್ನಡ ಪುಸ್ತಕಗಳ ಪಟ್ಟಿಯನ್ನು 1910ರಲ್ಲಿ ಸಿದ್ಧಪಡಿಸಿದವರೂ ಅನೇಕ ಕನ್ನಡ ಶಾಸನಗಳನ್ನು ಸಂಪಾದಿಸಿದವರೂ ಇದೇ ಬಾರ್ನೆಟ್! ಆಮೇಲಿನ ಕಾಲದಲ್ಲಿ ಆ ಮಾತುಗಳು ಕನ್ನಡವಲ್ಲ, ತುಳು ಎಂದು ವಾದಿಸಿದವರೂ ಇದ್ದಾರೆ. ನಮ್ಮ ವಾಚನಾಲಯದ ಅರ್ಧ ಸದಸ್ಯರಿಗೆ ಇದರಿಂದ ದುಃಖವಾಗಲಿಕ್ಕಿಲ್ಲ.

ಹೀಗೆ ದೊಡ್ಡವರು ಎರಡು ಕಡೆ ನಿಂತಾಗ ಹೆಸರು ನೋಡಿ ಪಕ್ಷ ಹಿಡಿಯುವಂತಿಲ್ಲ, ಕಾರಣ ನೋಡಬೇಕು. ನನ್ನ ಅಲ್ಪಬುದ್ಧಿಗೆ ತಿಳಿದದ್ದನ್ನು ಹೇಳುತ್ತೇನೆ. ಆ ಕಾಲದ ಗ್ರೀಕ್ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಅಕ್ಷರಗಳ ಸರಪಳಿಯನ್ನು ಎಲ್ಲಿ ತುಂಡರಿಸಬೇಕೆಂಬುದನ್ನು ಓದುವವನೇ ತೀರ್ಮಾನಿಸಬೇಕು. ನಮ್ಮಲ್ಲಿಯೇ 'ಎಲೆಯಾಕೆ' ಎಂದು ಒಟ್ಟಿಗೆ ಬರೆದರೆ, ಎಲೆ ಏತಕ್ಕೆ ಎಂದೂ ಆಯಿತು, ಎಲೆ ಮಾರುವ ಹೆಂಗಸು ಎಂದೂ ಆಯಿತು. ಭಾಷೆ ಯಾವುದೆಂದು ಮೊದಲೇ ಗೊತ್ತಿದ್ದರೆ ತುಂಡರಿಸುವುದು ಸುಲಭ. ಭಾಷೆ ಯಾವುದೆಂಬುದೇ ಪ್ರಶ್ನೆಯಾದಾಗ, ಹುಡುಕುವವನಿಗೆ ತನ್ನ ಭಾಷೆ ಕಾಣಿಸುವ ಅಪಾಯವಿದೆ. ಎರಡನೆಯ ತೊಡಕು, ಹೋಲಿಸಿ ನೋಡಲು ಆ ಕಾಲದ ಕನ್ನಡ ನಮ್ಮ ಕೈಯಲ್ಲಿಲ್ಲ. ಕನ್ನಡ ವಾಕ್ಯಗಳು ಸಿಗುವ ಹಳೆಯ ಬರಹವೆಂದು ಹೆಸರಾದ ಹಲ್ಮಿಡಿ ಶಾಸನವೂ ಆ ಪಪೈರಸ್ಸಿಗಿಂತ ಸುಮಾರು ಮುನ್ನೂರು ವರ್ಷ ಈಚಿನದು. ಇಷ್ಟಾಗಿ, ನಾನು ನೋಡಿದ್ದು ವಿದ್ವಾಂಸರ ಲೇಖನಗಳನ್ನು, ಪಪೈರಸ್ಸನ್ನಲ್ಲ. ಗ್ರೀಕ್ ಅಕ್ಷರ ನನಗೆ ಬಾರದು. ಈ ಮಾತನ್ನೂ ಇಲ್ಲಿ ಬರೆಯಬೇಕಾದದ್ದೇ.

ಹಲ್ಮಿಡಿಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಆ ಶಾಸನವನ್ನು 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಎಷ್ಟೋ ಪುಸ್ತಕಗಳು ಅದರ ಕಾಲ ಕ್ರಿ.ಶ. 450 ಎಂದು, ಕಲ್ಲಿನ ಮೇಲೆ ಇಸವಿ ಕೊರೆದಿದೆಯೋ ಎಂಬಂತೆ ಹೇಳುತ್ತವೆ. ಶಾಸನದಲ್ಲಿ ಇಸವಿಯಿಲ್ಲ. ಅಕ್ಷರಗಳ ರೂಪ ನೋಡಿ ವಿದ್ವಾಂಸರು 'ಸುಮಾರು' ಎಂದು ಹೇಳಿದ್ದು ಅದು. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುವಾಗ ಮೊದಲು ಉದುರುವುದು ಈ ಸುಮಾರು, ಬಹುಶಃ, ಇರಬಹುದು ಎಂಬ ಸಣ್ಣ ಪದಗಳೇ. ನನ್ನ ಲೇಖನದಲ್ಲಿ ಹುಲ್ಷ್ ಅವರ 'ಇರಬಹುದು' ಉದುರಿ 'ಎಲ್ಲರೂ ಒಪ್ಪಿರುವರು' ಆದದ್ದು ಹೀಗೆಯೇ. ತಾಳಗುಂದದಲ್ಲಿ ಈಚೆಗೆ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಹಲ್ಮಿಡಿಗಿಂತ ಹಿಂದಿನದು, ಸುಮಾರು 370ರದು ಎನ್ನುವವರಿದ್ದಾರೆ. ನಮ್ಮ ಕಪಾಟಿನಲ್ಲಿರುವ 1960ರ ಪುಸ್ತಕಕ್ಕೆ ಅದು ತಿಳಿದಿರಲು ಸಾಧ್ಯವಿಲ್ಲ. ಅದು ಪುಸ್ತಕದ ದೋಷವಲ್ಲ, ಆದರೆ ಆ ಪುಸ್ತಕ ಯಾವ ವರ್ಷದ್ದೆಂದು ನೋಡದೆ ಬರೆದರೆ ಅದು ನಮ್ಮ ದೋಷ.

ಎಷ್ಟನೆಯ ಮುದ್ರಣ, ಯಾರ ಸಂಪಾದನೆ ಎಂದು ಬರೆಯುವುದನ್ನು ವಿದ್ಯಾರ್ಥಿಗಳು ವೃಥಾ ಶ್ರಮವೆಂದು ಭಾವಿಸುವುದುಂಟು. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿದ್ದದ್ದು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆಯಿತು. ಮೈಸೂರು ವಿಶ್ವವಿದ್ಯಾನಿಲಯದ 1973ರ ಮುದ್ರಣದಲ್ಲಿ 573. ಹಲವು ಶಾಸನಗಳ ಸಂಖ್ಯೆಯೂ ಬದಲಾಯಿತು. 'ಶ್ರವಣಬೆಳಗೊಳ, 100' ಎಂದಷ್ಟೇ ಬರೆದರೆ ಓದುವವನು ಮೂರು ಸಂಪುಟಗಳಲ್ಲಿ ಯಾವುದನ್ನು ತೆರೆಯಬೇಕು? ಕವಿರಾಜಮಾರ್ಗದ ಕಥೆ ಇನ್ನೊಂದು ಬಗೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಕೆ.ಬಿ. ಪಾಠಕರು 1898ರಲ್ಲಿ ಅದನ್ನು ಸಂಪಾದಿಸಿದಾಗ ಗ್ರಂಥ ನೃಪತುಂಗನ ಹೆಸರಿನಲ್ಲಿ ಬಂದಿತು. ಈಚಿನ ಮುದ್ರಣಗಳಲ್ಲಿ ಶ್ರೀವಿಜಯನ ಹೆಸರಿರುವುದನ್ನು ಕಾಣಬಹುದು. ಗ್ರಂಥ ಅದೇ, ಕರ್ತೃವಿನ ಹೆಸರು ಬೇರೆ. ನೀವು ಕೈಯಲ್ಲಿ ಹಿಡಿದಿದ್ದ ಪ್ರತಿ ಯಾವುದೆಂದು ಹೇಳಿದರೆ ಗೊಂದಲವಿಲ್ಲ.

ಬರೆಯುವ ಕ್ರಮ ಕಠಿಣವೇನಲ್ಲ. ಪುಸ್ತಕವಾದರೆ ಬರೆದವರು, ಹೆಸರು, ಸಂಪಾದಕರು, ಮುದ್ರಣ, ಪ್ರಕಾಶಕರು, ಊರು, ಇಸವಿ, ಪುಟ. ಪತ್ರಿಕೆಯಾದರೆ ಸಂಪುಟದ ಸಂಖ್ಯೆಯೂ ಸೇರಬೇಕು. ಇಂಟರ್‌ನೆಟ್ಟಿನ ಪುಟವಾದರೆ ವಿಳಾಸದ ಜೊತೆಗೆ ನೋಡಿದ ದಿನಾಂಕ, ಏಕೆಂದರೆ ನಾಳೆ ಆ ಪುಟ ಬದಲಾಗಬಹುದು. ಇವುಗಳ ಹಿಂದುಮುಂದು ಕಾಲೇಜಿಗೊಂದು ರೀತಿ ಇರುತ್ತದೆ, ಅದನ್ನು ಅಲ್ಲಿಯೇ ಕೇಳಿಕೊಳ್ಳಿ. ಒಂದು ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ಬಾರ್ನೆಟ್ ಅವರ ಲೇಖನವನ್ನು ನೋಡದೆ, ಅದರ ಸಾರವನ್ನು ಇನ್ನೊಬ್ಬರ ಪುಸ್ತಕದಲ್ಲಿ ಓದಿದ್ದರೆ, ಆ ಇನ್ನೊಬ್ಬರ ಪುಸ್ತಕದಲ್ಲಿ ಉದ್ಧೃತವಾದದ್ದು ಎಂದೇ ಬರೆಯಬೇಕು. ಬಾರ್ನೆಟ್ ಅವರ ಪುಟಸಂಖ್ಯೆಯನ್ನೇ ಹಾಕಿ ತಾನೇ ನೋಡಿದಂತೆ ತೋರಿಸುವುದು, ಸರಕು ನೋಡದೆ ಮುಟ್ಟಿತೆಂದು ರುಜು ಹಾಕಿದ ಹಾಗೆ.

ಮೂಲ ಹೇಳದೆ ಎತ್ತಿಬರೆಯುವುದಕ್ಕೆ ಈಗ ಕಾನೂನಿನ ಬಿಗಿಯೂ ಬಂದಿದೆ. ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗವು 2018ರಲ್ಲಿ ನಿಯಮ ಮಾಡಿ, ಪ್ರಬಂಧದಲ್ಲಿ ಬೇರೆಡೆಯ ಬರಹದೊಡನೆ ಹೋಲಿಕೆ ನೂರಕ್ಕೆ 10ರವರೆಗೆ ಇದ್ದರೆ ದಂಡನೆಯಿಲ್ಲವೆಂದೂ, 10ರಿಂದ 40ರವರೆಗಾದರೆ ತಿದ್ದಿ ಮತ್ತೆ ಒಪ್ಪಿಸಬೇಕೆಂದೂ, 60 ಮೀರಿದರೆ ನೋಂದಣಿಯೇ ರದ್ದೆಂದೂ ಹೇಳಿತು. ಮೂಲ ತಿಳಿಸಿ ಉದ್ಧರಿಸಿದ ಭಾಗ ಈ ಎಣಿಕೆಗೆ ಬಾರದು.

ಇನ್ನು ಪ್ರಶ್ನೆ ಕೇಳಿದರೆ ಉತ್ತರ ಬರೆದುಕೊಡುವ ಹೊಸ ಯಂತ್ರಗಳು. ನಮ್ಮ ಹುಡುಗರು ಮೊಬೈಲಿನಲ್ಲಿ ಇವನ್ನು ಧಾರಾಳವಾಗಿ ಉಪಯೋಗಿಸುವರು. ಇವು ಇಲ್ಲದ ಪುಸ್ತಕಕ್ಕೆ ಹೆಸರಿಟ್ಟು, ಇಸವಿಯನ್ನೂ ಪುಟವನ್ನೂ ಸಹ ಕೊಡುವುದುಂಟು. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ಇಬ್ಬರು ವಕೀಲರು ಹೀಗೆ ಸಿಕ್ಕ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ಆಧಾರವೆಂದು ಸಲ್ಲಿಸಿ 5,000 ಡಾಲರ್ ದಂಡಕ್ಕೆ ಗುರಿಯಾದರು. ಯಂತ್ರ ಹೇಳಿದ ಪುಸ್ತಕ ಕಪಾಟಿನಲ್ಲೋ ಗ್ರಂಥಾಲಯದ ಪಟ್ಟಿಯಲ್ಲೋ ಇದೆಯೇ, ಆ ಪುಟದಲ್ಲಿ ಆ ಮಾತಿದೆಯೇ ಎಂದು ಕಣ್ಣಾರೆ ನೋಡುವ ಕೆಲಸ ತಪ್ಪಿದ್ದಲ್ಲ.

ಆ ಹುಡುಗಿ ತನ್ನ ವಾಕ್ಯವನ್ನು ಹೀಗೆ ತಿದ್ದಿದಳು: ಆಕ್ಸಿರಿಂಕಸ್ ಪಪೈರಸ್ 413ರಲ್ಲಿನ ಕೆಲವು ಮಾತುಗಳು ಕನ್ನಡವಾಗಿರಬಹುದೆಂದು ಹುಲ್ಷ್ 1904ರಲ್ಲಿ ಸೂಚಿಸಿದರು, ಬಾರ್ನೆಟ್ 1926ರಲ್ಲಿ ಇದನ್ನು ಒಪ್ಪಲಿಲ್ಲ, ವಿಷಯ ಇನ್ನೂ ಚರ್ಚೆಯಲ್ಲಿದೆ. ಕೆಳಗೆ ಎರಡು ಅಡಿಟಿಪ್ಪಣಿ. ಪ್ರಬಂಧ ಸಕಾಲಕ್ಕೆ ಹೋಯಿತು. ನಮ್ಮ ಸಂಚಿಕೆಯ ಹೆಸರು ಅದರಲ್ಲಿ ಉಳಿಯಲಿಲ್ಲ.

ಈ ವಿಷಯ ತಿಳಿದು ಹಿರಿಯ ಸದಸ್ಯರೊಬ್ಬರು, "ಏನಯ್ಯಾ, ಪರವೂರಿನಲ್ಲಿ ಕಷ್ಟಪಟ್ಟು ಸಂಘ ಕಟ್ಟಿದೆವು. ಅದರಲ್ಲೇ ಕುಳಿತು ಕನ್ನಡದ ವಯಸ್ಸನ್ನು ಕಡಿಮೆ ಮಾಡುತ್ತೀಯಲ್ಲ!" ಎಂದು ಬೇಸರಪಟ್ಟುಕೊಂಡರು. ಅವರ ಮನಸ್ಸು ನನಗೆ ಅರ್ಥವಾಗುತ್ತದೆ, ನಾನು ಆ ವಾಕ್ಯ ಬರೆದದ್ದೂ ಅದೇ ಮನಸ್ಸಿನಿಂದ. ನಾನೇನೂ ಕನ್ನಡದ ವಯಸ್ಸನ್ನು ಕಡಿಮೆ ಮಾಡಿಲ್ಲ ರಾಯರೇ, ನನ್ನ ಸುಳ್ಳು ಸಾಕ್ಷಿಯನ್ನು ಹಿಂದಕ್ಕೆ ತೆಗೆದುಕೊಂಡೆ ಅಷ್ಟೆ ಎಂದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಆ ರಾಜ್ಯೋತ್ಸವ ಸಂಚಿಕೆಯ ನಮ್ಮ ಪ್ರತಿಗಳಿಗೆ ತಿದ್ದುಪಡಿಯ ಚೀಟಿಯನ್ನು ಅಂಟಿಸಿದ್ದೇನೆ. ಮನೆಗೆ ಪ್ರತಿ ಒಯ್ದವರು ದಯವಿಟ್ಟು ಭಾನುವಾರ ಬರುವಾಗ ಅದನ್ನು ತರಬೇಕು. ಚೀಟಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಗೋಂದೂ ಅಲ್ಲಿಯೇ ಇದೆ.