ಬೆರಳಿಗೆ ಸಿಗದ ಗುಂಡಿಗಳು: ಹೊಸ ಕಾರಿನ ಸ್ಪರ್ಶಪರದೆಗೆ ಒಗ್ಗಿಕೊಳ್ಳುವ ಬಗೆ

ಹಳೆಯ ಕಾರುಗಳಲ್ಲಿ ಎ.ಸಿ.ಯ ತಂಪನ್ನು ಹೆಚ್ಚುಕಡಿಮೆ ಮಾಡಲು ತಿರುಗಿಸುವ ಗುಂಡಿ, ಗಾಳಿ ಬರುವ ದಿಕ್ಕನ್ನು ಬದಲಿಸಲು ಸರಿಸುವ ಕಡ್ಡಿ, ಅಪಾಯಸೂಚಕ ದೀಪಗಳಿಗೆ ಕೆಂಪು ತ್ರಿಕೋನದ ಒತ್ತುಗುಂಡಿ, ಹೀಗೆ ಒಂದೊಂದು ಕೆಲಸಕ್ಕೂ ಅದರದೇ ಆಕಾರದ, ಅದರದೇ ಜಾಗದ ಸಾಧನವಿರುತ್ತಿತ್ತು. ಈಗ ಮಾರುಕಟ್ಟೆಗೆ ಬರುತ್ತಿರುವ ಅನೇಕ ಕಾರುಗಳಲ್ಲಿ ಇಂಥ ಸಾಧನಗಳಲ್ಲಿ ಹೆಚ್ಚಿನವು ಡ್ಯಾಶ್‌ಬೋರ್ಡಿನ ನಡುವೆ ಕೂರಿಸಿದ ಗಾಜಿನ ಪರದೆಯೊಳಗೆ ಚಿತ್ರಗಳಾಗಿ ಸೇರಿಹೋಗಿವೆ. ಹತ್ತು ಹದಿನೈದು ವರ್ಷ ಒಂದೇ ಕಾರನ್ನು ಓಡಿಸಿ ಪಳಗಿದ ಕೈ ಹೊಸ ಕಾರಿನಲ್ಲಿ ತಡವರಿಸಿದಾಗ ಮನೆಯವರು ಅದನ್ನು ವಯಸ್ಸಿನ ದೋಷವೆಂದೋ ತಂತ್ರಜ್ಞಾನದ ಅಜ್ಞಾನವೆಂದೋ ಭಾವಿಸುವುದುಂಟು. ನಿಜಕ್ಕೂ ನಡೆದಿರುವುದು ಬೆರಳಿನ ಕೆಲಸ ಕಣ್ಣಿಗೆ ವರ್ಗವಾಗಿರುವುದು, ಮತ್ತು ಕಾರು ಓಡಿಸುವವರ ಕಣ್ಣಿಗೆ ರಸ್ತೆಯನ್ನು ನೋಡುವ ಕೆಲಸ ಮೊದಲೇ ಇದೆ.

ಸ್ಪರ್ಶಪರದೆ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಅದರ ಕೆಲವು ಹಟಗಳು ಅರ್ಥವಾಗುತ್ತವೆ. ಕಾರುಗಳಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಧಾರಕತೆಯನ್ನು, ಅಂದರೆ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವ ಗುಣವನ್ನು, ಆಧರಿಸಿದ ಪರದೆ. ಗಾಜಿನ ಅಡಿಯಲ್ಲಿ ಇಂಡಿಯಂ ಟಿನ್ ಆಕ್ಸೈಡ್ ಎಂಬ, ಪಾರದರ್ಶಕವೂ ವಿದ್ಯುದ್ವಾಹಕವೂ ಆದ ಪದಾರ್ಥದ ತೆಳುವಾದ ಜಾಲವಿರುತ್ತದೆ. ಬೆರಳು ತಾಗಿದೊಡನೆ ಆ ಜಾಗದ ಧಾರಕತೆ ಬದಲಾಗುತ್ತದೆ, ಬದಲಾದದ್ದು ಎಲ್ಲಿ ಎಂಬುದನ್ನು ಚಿಪ್ ಲೆಕ್ಕಹಾಕುತ್ತದೆ. ಹಾಗಾಗಿ ಇಲ್ಲಿ ಒತ್ತಡಕ್ಕೆ ಬೆಲೆಯಿಲ್ಲ; ಗುಂಡಿಯನ್ನು ಅದುಮಿದಂತೆ ಗಾಜನ್ನು ಅದುಮಿ ಪ್ರಯೋಜನವಿಲ್ಲ, ಸಾಮಾನ್ಯ ಕೈಗವಸು ತೊಟ್ಟ ಬೆರಳು ಪರದೆಗೆ ಗೊತ್ತಾಗುವುದಿಲ್ಲ, ಒದ್ದೆ ಬೆರಳು ಅದನ್ನು ಗೊಂದಲಗೊಳಿಸುತ್ತದೆ. ಬ್ರಿಟನ್ನಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟಿನ ಇ.ಎ. ಜಾನ್ಸನ್ 1965ರಲ್ಲಿ ಇಂಥ ಪರದೆಯನ್ನು ವಿವರಿಸಿದಾಗ ಅವರ ಮನಸ್ಸಿನಲ್ಲಿದ್ದವರು ವಿಮಾನ ಸಂಚಾರ ನಿಯಂತ್ರಕರು, ಅಂದರೆ ಕುರ್ಚಿಯಲ್ಲಿ ಕುಳಿತು ಪರದೆಯನ್ನು ನೋಡುವುದೇ ಉದ್ಯೋಗವಾದವರು.

ಕಾರಿನೊಳಕ್ಕೆ ಈ ಪರದೆ ಬಂದದ್ದು ಸಾಮಾನ್ಯವಾಗಿ ಜನ ಎಣಿಸುವುದಕ್ಕಿಂತ ಬಹಳ ಮೊದಲು. ಅಮೆರಿಕದ ಜನರಲ್ ಮೋಟಾರ್ಸ್ 1986ರ ಬ್ಯೂಕ್ ರಿವಿಯೇರಾದಲ್ಲಿ, ಆ ಕಾಲದ ಟಿ.ವಿ.ಗಳಲ್ಲಿದ್ದಂಥ ಗಾಜಿನ ಕೊಳವೆಯ ಪರದೆಯನ್ನು ಡ್ಯಾಶ್‌ಬೋರ್ಡಿಗೆ ಜೋಡಿಸಿ, ರೇಡಿಯೊ ಮತ್ತು ಎ.ಸಿ.ಗಳನ್ನು ಅದರ ವಶಕ್ಕೆ ಕೊಟ್ಟಿತು; ಸಣ್ಣ ಕೆಲಸಕ್ಕೂ ರಸ್ತೆಯಿಂದ ಕಣ್ಣು ತೆಗೆಯಬೇಕಾಗುತ್ತದೆಂಬ ದೂರು ಆಗಲೇ ಕೇಳಿಬಂದು, 1990ರ ಮಾದರಿಯ ಹೊತ್ತಿಗೆ ಗುಂಡಿಗಳು ಮರಳಿದವು. 2001ರಲ್ಲಿ ಬಿ.ಎಂ.ಡಬ್ಲ್ಯು. ತನ್ನ ದೊಡ್ಡ ಕಾರಿನಲ್ಲಿ ಪರದೆಯನ್ನು ಮುಟ್ಟದೆ, ಮುಂದಿನ ಸೀಟುಗಳ ನಡುವಿನ ಒಂದು ತಿರುಗಣೆಯಿಂದ ನಡೆಸುವ ಏರ್ಪಾಡನ್ನು ತಂದಿತು. ಪರಿಸ್ಥಿತಿಯನ್ನು ಬದಲಿಸಿದ್ದು 2012ರ ಟೆಸ್ಲಾ ಮಾಡೆಲ್ ಎಸ್‌ನ 17 ಅಂಗುಲದ ಪರದೆ. ಅದರ ಬೆನ್ನಿಗೆ, ಫೋನಿನ ನಕ್ಷೆ, ಹಾಡು, ಕರೆಗಳನ್ನು ಕಾರಿನ ಪರದೆಯ ಮೇಲೆ ತೋರಿಸುವ ಆಪಲ್ ಕಾರ್‌ಪ್ಲೇ 2014ರಲ್ಲಿಯೂ ಆಂಡ್ರಾಯ್ಡ್ ಆಟೊ 2015ರಲ್ಲಿಯೂ ಬಂದವು. ಭಾರತದಲ್ಲಿ 2024ರ ನವೆಂಬರಿನಲ್ಲಿ ಅನಾವರಣಗೊಂಡ ಮಹೀಂದ್ರಾ ಎಕ್ಸ್‌ಇವಿ 9ಇ ಕಾರಿನಲ್ಲಿ ತಲಾ 12.3 ಅಂಗುಲದ ಮೂರು ಪರದೆಗಳು ಸಾಲಾಗಿ ನಿಂತಿವೆ.

ತಯಾರಕರಿಗೆ ಪರದೆಯ ಮೇಲಿನ ಒಲವಿಗೆ ಅಂದವೊಂದೇ ಕಾರಣವಲ್ಲ. ಪ್ರತಿಯೊಂದು ಗುಂಡಿಗೂ ಅಚ್ಚು, ತಂತಿ, ಜೋಡಣೆ, ಬಾಳಿಕೆಯ ಪರೀಕ್ಷೆ ಬೇಕು, ಅದರ ಜಾಗವನ್ನು ಕಾರು ಕಾರ್ಖಾನೆಗೆ ಹೋಗುವುದಕ್ಕೆ ಬಹಳ ಮೊದಲೇ ನಿಶ್ಚಯಿಸಬೇಕು. ಪರದೆಯಾದರೆ ಒಂದೇ ಯಂತ್ರಭಾಗದಲ್ಲಿ ಎಲ್ಲವೂ ಅಡಗುತ್ತದೆ, ತಂತ್ರಾಂಶವನ್ನು ಕೊನೆಯ ಗಳಿಗೆಯವರೆಗೂ, ಮಾರಿದ ಮೇಲೂ ತಿದ್ದಬಹುದು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಹಿಂಬದಿಯ ಕ್ಯಾಮೆರಾ ಕಡ್ಡಾಯವಾದಾಗ ಅದರ ಚಿತ್ರಕ್ಕೆ ಹೇಗೂ ಒಂದು ಪರದೆ ಬೇಕಾಯಿತು, ಬೇಕಾದ ಪರದೆಗೆ ಉಳಿದ ಕೆಲಸಗಳನ್ನೂ ವಹಿಸುವುದು ಸುಲಭವಾಯಿತು.

ಚಾಲಕರು ಕಳೆದುಕೊಂಡದ್ದನ್ನು ಅಳೆಯಲು ಶರೀರದ ಒಂದು ಶಕ್ತಿಯನ್ನು ಗಮನಿಸಬೇಕು. ಕಣ್ಣು ಮುಚ್ಚಿದರೂ ತನ್ನ ಕೈ ಎಲ್ಲಿದೆ, ಮೊಣಕೈ ಎಷ್ಟು ಮಡಚಿದೆ ಎಂಬುದು ಮನುಷ್ಯನಿಗೆ ತಿಳಿದಿರುತ್ತದೆ. ಸ್ನಾಯು ಮತ್ತು ಕೀಲುಗಳಿಂದ ಮಿದುಳಿಗೆ ಸದಾ ಹರಿಯುವ ಈ ಸುದ್ದಿಗೆ ಅಂಗಸ್ಥಿತಿಯ ಅರಿವು ಎನ್ನಬಹುದು. ವೈಣಿಕರ ಬೆರಳು ನೋಡದೆಯೇ ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರುವುದು ಈ ಅರಿವಿನಿಂದ, ಮತ್ತು ಆ ಮೆಟ್ಟಿಲು ಬೆರಳಿಗೆ ತಗಲುವುದರಿಂದ. ಕಾರಿನ ಗುಂಡಿಯೂ ಹಾಗೆಯೇ: ಅಂಚು ಬೆರಳಿಗೆ ಸಿಗುತ್ತದೆ, ಸಿಕ್ಕಿದ್ದು ಬೇಕಾದ ಗುಂಡಿಯೋ ಅಲ್ಲವೋ ಎಂದು ಒತ್ತುವ ಮೊದಲೇ ತಿಳಿಯುತ್ತದೆ, ಒತ್ತಿದ ಮೇಲೆ ‘ಟಕ್’ ಎಂಬ ಸಣ್ಣ ತಡೆ ಕೆಲಸ ಮುಗಿಯಿತೆಂದು ಹೇಳುತ್ತದೆ. ಗಾಜಿನ ಮೇಲೆ ಈ ಮೂರೂ ಇಲ್ಲ. ಬೆರಳು ಇಡಬೇಕಾದ ಜಾಗವನ್ನು ಕಣ್ಣು ಹುಡುಕಬೇಕು, ಗುಂಡಿ ಬಿದ್ದ ರಸ್ತೆಯಲ್ಲಿ ಕೈ ಅಲುಗಿ ಪಕ್ಕದ ಚಿತ್ರವನ್ನು ಮುಟ್ಟಿತೇ ಎಂದು ಮತ್ತೆ ಕಣ್ಣೇ ನೋಡಬೇಕು. ನಲವತ್ತು ದಾಟಿ ಚಾಳೀಸು ಬಂದವರಿಗೆ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ದೂರದ ರಸ್ತೆಯಿಂದ ಹತ್ತಿರದ ಅಕ್ಷರಕ್ಕೆ ದೃಷ್ಟಿಯನ್ನು ಹೊಂದಿಸಿಕೊಳ್ಳುವ ಕಣ್ಣಿನ ಮಸೂರ ಆ ವಯಸ್ಸಿನಲ್ಲಿ ಬಿಗಿಯಾಗಿರುತ್ತದೆ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಎರಡು ಸೆಕೆಂಡು ಪರದೆಯನ್ನು ನೋಡಿದರೆ 44 ಮೀಟರ್ ರಸ್ತೆಯನ್ನು ನೋಡದೆ ಕ್ರಮಿಸಿದಂತಾಯಿತು. ಅಮೆರಿಕದ ರಸ್ತೆ ಸುರಕ್ಷತಾ ಆಡಳಿತವು 2013ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಒಂದು ನೋಟಕ್ಕೆ ಎರಡು ಸೆಕೆಂಡು, ಇಡೀ ಕೆಲಸಕ್ಕೆ ಒಟ್ಟು ಹನ್ನೆರಡು ಸೆಕೆಂಡು ಎಂಬ ಮಿತಿಯನ್ನು ಸೂಚಿಸಿತು. ಸ್ವೀಡನ್ನಿನ ‘ವಿ ಬಿಲೇಗಾರೆ’ ಪತ್ರಿಕೆ 2022ರಲ್ಲಿ ನಡೆಸಿದ ಪರೀಕ್ಷೆ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿ ಮಾತನಾಡುತ್ತದೆ: ಗಂಟೆಗೆ 110 ಕಿ.ಮೀ. ವೇಗದಲ್ಲಿ ಸಾಗುತ್ತ, ಎ.ಸಿ., ರೇಡಿಯೊ ಮುಂತಾದ ನಾಲ್ಕು ಸಾಮಾನ್ಯ ಕೆಲಸಗಳನ್ನು ಮುಗಿಸಲು 2005ರ, ಗುಂಡಿಗಳಿದ್ದ ವೋಲ್ವೊ ವಿ70 ಕಾರಿನಲ್ಲಿ 10 ಸೆಕೆಂಡು ಹಿಡಿದರೆ, ಪರೀಕ್ಷೆಗೊಳಗಾದ ಪರದೆಯ ಕಾರುಗಳಲ್ಲಿ ಅತ್ಯಂತ ನಿಧಾನವಾದದ್ದಕ್ಕೆ 44.9 ಸೆಕೆಂಡು ಹಿಡಿಯಿತು. ದೂರದ ಲೆಕ್ಕದಲ್ಲಿ ಅದು 306 ಮೀಟರಿಗೂ 1,372 ಮೀಟರಿಗೂ ಇರುವ ವ್ಯತ್ಯಾಸ. ಎಲ್ಲ ಪರದೆಗಳೂ ಒಂದೇ ಅಲ್ಲ, ಕೆಲವು ಹಳೆಯ ಕಾರಿನ ಹತ್ತಿರಕ್ಕೂ ಬಂದವು ಎಂಬುದನ್ನು ಸೇರಿಸಬೇಕು. ಕಾರು ಕೊಳ್ಳುವವರಿಗೆ ಉಪಯುಕ್ತವಾದದ್ದು ಆ ಮಾತೇ.

ತೀರ ತುರ್ತಿನ ಪರೀಕ್ಷೆ ಮಳೆಯಲ್ಲಿ. ಜರ್ಮನಿಯಲ್ಲಿ ಭಾರಿ ಮಳೆಯ ನಡುವೆ ವೈಪರಿನ ವೇಗವನ್ನು ಪರದೆಯ ಮೇಲೆ ಬದಲಿಸಲು ಹೋದ ಚಾಲಕರೊಬ್ಬರ ಕಾರು ರಸ್ತೆ ಬಿಟ್ಟು ಹೋಗಿ, ಕಾರ್ಲ್ಸ್‌ರೂಹೆಯ ಉಚ್ಚ ನ್ಯಾಯಾಲಯ 2020ರಲ್ಲಿ ಅವರ ಮೇಲೆ ವಿಧಿಸಿದ್ದ 200 ಯೂರೊ ದಂಡವನ್ನೂ ಒಂದು ತಿಂಗಳ ಚಾಲನಾ ನಿಷೇಧವನ್ನೂ ಎತ್ತಿಹಿಡಿಯಿತು. ಕಾರಿಗೇ ಜೋಡಿಸಿದ ಪರದೆಯೂ ಕಾನೂನಿನ ದೃಷ್ಟಿಯಲ್ಲಿ ಇಲೆಕ್ಟ್ರಾನಿಕ್ ಸಾಧನವೇ ಎಂಬುದು ಆ ತೀರ್ಪಿನ ತಿರುಳು. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಓಡಾಡುವವರಿಗೆ ಇದರ ಇನ್ನೊಂದು ರೂಪ ಚೆನ್ನಾಗಿ ಗೊತ್ತು. ಒಳಗಿರುವ ನಾಲ್ಕೈದು ಜನರ ಉಸಿರಿನ ತೇವ ತಣ್ಣನೆಯ ಮುಂಗಾಜಿಗೆ ತಾಗಿ ಒಂದೆರಡು ನಿಮಿಷದಲ್ಲಿ ರಸ್ತೆಯೇ ಮಸುಕಾಗುತ್ತದೆ, ಆಗ ಎ.ಸಿ. ಹಾಕಿ ಒಣಗಾಳಿಯನ್ನು ಗಾಜಿಗೆ ತಿರುಗಿಸಬೇಕು. ಬಾಗಿದ ಗಾಜಿನ ಮೇಲೆ ಮೂರು ಅಲೆಯಂಥ ಬಾಣಗಳಿರುವ ಆ ಗುರುತು ಬೆರಳಿಗೆ ಸಿಗುವ ಗುಂಡಿಯಾಗಿದೆಯೇ, ಅಥವಾ ಪರದೆಯಲ್ಲಿ ಎರಡು ಪುಟ ಒಳಗಿದೆಯೇ ಎಂಬುದು ಮಲೆನಾಡಿನವರು ಶೋರೂಮಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ.

ಗುಂಡಿಗಳ ಪರವಾದ ಮಾತು ಹಳೆಯ ಕಾಲದ ಹಂಬಲವಲ್ಲ ಎನ್ನುವುದಕ್ಕೆ ಸಮುದ್ರದಿಂದಲೂ ಸಾಕ್ಷಿಯಿದೆ. 2017ರ ಆಗಸ್ಟ್ 21ರಂದು ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ತೈಲದ ಹಡಗಿಗೆ ಡಿಕ್ಕಿಯಾಗಿ ಹತ್ತು ಮಂದಿ ನಾವಿಕರು ಸತ್ತರು. ಚುಕ್ಕಾಣಿ ಮತ್ತು ವೇಗವನ್ನು ಸ್ಪರ್ಶಪರದೆಯಿಂದ ನಡೆಸುವ ವಿನ್ಯಾಸವು ತಪ್ಪಿನ ಸಾಧ್ಯತೆಯನ್ನು ಹೆಚ್ಚಿಸಿತೆಂದು ತನಿಖೆ ಹೇಳಿತು, ನೌಕಾಪಡೆಯು ಕೈಯಿಂದ ದೂಡುವ ಸನ್ನೆಕೋಲುಗಳನ್ನು ಮರಳಿ ತರುವುದಾಗಿ 2019ರಲ್ಲಿ ಪ್ರಕಟಿಸಿತು. ಕಾರುಗಳ ಸುರಕ್ಷತೆಗೆ ನಕ್ಷತ್ರಗಳ ಅಂಕ ಕೊಡುವ ಯುರೋಪಿನ ಸಂಸ್ಥೆ ಯೂರೊ ಎನ್‌ಕ್ಯಾಪ್, 2026ರಿಂದ ಇಂಡಿಕೇಟರ್, ಅಪಾಯಸೂಚಕ ದೀಪ, ಹಾರ್ನ್, ವೈಪರ್ ಮತ್ತು ತುರ್ತು ಕರೆ ಇವುಗಳಿಗೆ ನಿಜವಾದ ಗುಂಡಿ ಅಥವಾ ಕಡ್ಡಿ ಇಲ್ಲದ ಕಾರಿಗೆ ಪೂರ್ಣ ಅಂಕವಿಲ್ಲ ಎಂಬ ನಿಲುವನ್ನು ತಳೆದಿದೆ. ಗುಂಡಿಗಳನ್ನು ತೀರ ಕಡಿಮೆ ಮಾಡಿದ್ದ ಫೋಕ್ಸ್‌ವ್ಯಾಗನ್ ಕೂಡ ಧ್ವನಿ, ಬಿಸಿ, ಬ್ಲೋವರ್, ಅಪಾಯಸೂಚಕ ದೀಪಗಳ ಗುಂಡಿಗಳನ್ನು ಇನ್ನು ಪ್ರತಿ ಕಾರಿನಲ್ಲಿಯೂ ಇಡುವುದಾಗಿ 2025ರಲ್ಲಿ ಹೇಳಿದೆ. ಭಾರತದಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೆಸರಿಸುವುದು ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಮಾತ್ರ, ಕಾರಿಗೇ ಜೋಡಿಸಿದ ಪರದೆಯನ್ನಲ್ಲ.

ಕಾಯ್ದೆ ಬದಲಾಗುವವರೆಗೆ ಕಾರನ್ನು ಮನೆಗೆ ತಂದವರೇನು ಕಾಯುತ್ತ ಕೂರಲಾರರು. ಕಾರನ್ನು ಒಪ್ಪಿಸುವ ದಿನ ಶೋರೂಮಿನವರು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ತೋರಿಸುತ್ತಾರೆ. ಪೂಜೆ, ಫೋಟೊ, ಸಿಹಿಯ ಸಡಗರದಲ್ಲಿ ಅದು ತಲೆಯಲ್ಲಿ ನಿಲ್ಲುವುದಿಲ್ಲ, ಒಂದು ವಾರ ಬಿಟ್ಟು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಮತ್ತೊಮ್ಮೆ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಅದಕ್ಕಿಂತ ಫಲಕಾರಿಯಾದದ್ದು ಅಂಗಳದಲ್ಲಿ ನಿಲ್ಲಿಸಿದ ಕಾರಿನಲ್ಲಿ ಎರಡು ಸಂಜೆ ಕೂತು, ಕೈಪಿಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಚಾಲನೆಯಲ್ಲಿ ನಿಜವಾಗಿ ಬೇಕಾಗುವ ಏಳೆಂಟು ಕೆಲಸಗಳನ್ನು ಮಾತ್ರ ಕಲಿಯುವುದು. ಸ್ಟೀರಿಂಗ್ ಮೇಲಿನ ಗುಂಡಿಗಳು ಬೆರಳಿಗೆ ಸಿಗುವಂಥವು, ಆದ್ದರಿಂದ ಧ್ವನಿ, ಕರೆಗಳನ್ನು ಅವುಗಳಿಂದಲೇ ನಡೆಸುವ ರೂಢಿ ಮಾಡಿಕೊಳ್ಳಬೇಕು, ಎ.ಸಿ., ಹೆಡ್‌ಲೈಟ್, ವೈಪರುಗಳಿಗೆ ಆಟೊ ವ್ಯವಸ್ಥೆಯಿದ್ದರೆ ಅದನ್ನು ಬಳಸಬೇಕು. ಹೋಗಬೇಕಾದ ಊರನ್ನು ನಕ್ಷೆಯಲ್ಲಿ ಹೊರಡುವ ಮುನ್ನವೇ ತುಂಬಿ, ದಾರಿಯಲ್ಲಿ ಬದಲಿಸಬೇಕಾದರೆ ಪಕ್ಕದಲ್ಲಿ ಕುಳಿತವರಿಗೆ ಒಪ್ಪಿಸಬೇಕು. ಪರದೆಯನ್ನು ಮುಟ್ಟಲೇಬೇಕಾದಾಗ ಹೆಬ್ಬೆರಳನ್ನೋ ಅಂಗೈಯನ್ನೋ ಅದರ ಚೌಕಟ್ಟಿಗೆ ಆನಿಸಿಕೊಂಡರೆ ತೋರುಬೆರಳು ಅಲುಗುವುದು ತಗ್ಗುತ್ತದೆ. ರಾತ್ರಿಯಲ್ಲಿ ಪರದೆಯ ಬೆಳಕನ್ನು ತೀರ ಕಡಿಮೆ ಮಾಡದಿದ್ದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ದೀಪವಿಲ್ಲದ ಎತ್ತಿನಗಾಡಿಯನ್ನು ಗುರುತಿಸಲು ತಡಮಾಡುತ್ತದೆ.

ಪರದೆಯ ಜೊತೆಗೆ ಬಂದಿರುವ ಇನ್ನೊಂದು ಹೊಸತು ಅಡಾಸ್ ಎಂದು ಕರೆಯಲಾಗುವ ಚಾಲನಾ ನೆರವಿನ ವ್ಯವಸ್ಥೆ. ಮುಂಗಾಜಿನ ಹಿಂದಿನ ಕ್ಯಾಮೆರಾ ರಸ್ತೆಯ ಬಿಳಿ ಗೆರೆಗಳನ್ನು ಓದಿ, ಇಂಡಿಕೇಟರ್ ಹಾಕದೆ ಗೆರೆ ದಾಟಿದರೆ ಸ್ಟೀರಿಂಗನ್ನು ಮೆಲ್ಲಗೆ ಹಿಂದಕ್ಕೆ ಎಳೆಯುತ್ತದೆ. ರೇಡಾರ್ ಮುಂದಿನ ವಾಹನದ ದೂರವನ್ನು ಅಳೆದು, ಡಿಕ್ಕಿ ಸನ್ನಿಹಿತವೆನಿಸಿದರೆ ತಾನೇ ಬ್ರೇಕು ಹಾಕುತ್ತದೆ. ಸ್ಟೀರಿಂಗಿನ ಈ ಎಳೆತವನ್ನು ಮೊದಲ ಬಾರಿ ಅನುಭವಿಸುವವರು ಯಂತ್ರ ಕೆಟ್ಟಿತೆಂದು ಗಾಬರಿಯಾಗುವುದು ಸಹಜ. ಗೆರೆಗಳು ಅಳಿಸಿಹೋದ, ಬೈಕುಗಳು ಕೈಯಳತೆಯಲ್ಲಿ ನುಸುಳುವ ಊರೊಳಗಿನ ರಸ್ತೆಗಳಲ್ಲಿ ಈ ವ್ಯವಸ್ಥೆ ಅಕಾಲದಲ್ಲಿ ಎಚ್ಚರಿಸಬಹುದು, ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ನಿಜಕ್ಕೂ ನೆರವಾಗಬಹುದು. ಯಾವ ಸೌಲಭ್ಯವನ್ನು ಎಲ್ಲಿ ತೆರೆಯಬೇಕು, ಎಲ್ಲಿ ಮುಚ್ಚಬೇಕು ಎಂಬುದು ಚಾಲಕರ ವಿವೇಚನೆ, ಜವಾಬ್ದಾರಿಯೂ ಪೂರ್ತಿಯಾಗಿ ಅವರದೇ. ಅಡಾಸ್‌ನ ಎಚ್ಚರಿಕೆಗಳಿಗೂ 80 ಕಿ.ಮೀ. ವೇಗ ದಾಟಿದಾಗ ಆಗಾಗ, 120 ದಾಟಿದಾಗ ಬಿಡದೆ ಕೇಳಿಸುವ ಸದ್ದಿಗೂ ಸಂಬಂಧವಿಲ್ಲ. ಆ ಸದ್ದು 2019ರ ಜುಲೈಯಿಂದ ಭಾರತದ ಹೊಸ ಕಾರುಗಳಿಗೆ ಕಡ್ಡಾಯವಾದ ವೇಗದ ಎಚ್ಚರಿಕೆ.

ಮಾತಿನಿಂದಲೇ ಆಜ್ಞೆ ಕೊಡುವ ಸೌಲಭ್ಯ ಈ ಎಲ್ಲ ತೊಡಕಿಗೂ ಮದ್ದೆಂದು ತೋರುತ್ತದೆ, ಗೂಗಲ್ ನಕ್ಷೆ 2018ರಿಂದ ಕನ್ನಡದಲ್ಲಿಯೇ ದಾರಿ ಹೇಳುವುದು ದೊಡ್ಡ ಅನುಕೂಲವೂ ಹೌದು. ಆದರೆ ಕಾರಿಗೆ ಹೇಳುವುದಕ್ಕೂ ಅದು ಅರ್ಥಮಾಡಿಕೊಂಡಿತೇ ಎಂದು ಕಾಯುವುದಕ್ಕೂ ಮನಸ್ಸು ತೆರಬೇಕಾದ ಬೆಲೆಯಿದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2015ರಲ್ಲಿ ಕಂಡುಕೊಂಡಂತೆ, ಮಾತಿನ ಆಜ್ಞೆ ಮುಗಿದ ಮೇಲೂ ಕೆಲವು ಸಂದರ್ಭಗಳಲ್ಲಿ 27 ಸೆಕೆಂಡಿನವರೆಗೆ ಗಮನ ಪೂರ್ತಿಯಾಗಿ ರಸ್ತೆಗೆ ಮರಳಿರುವುದಿಲ್ಲ. ಚಿಕ್ಕ, ಒಂದೇ ಮಾತಿನ ಆಜ್ಞೆಗಳಿಗೆ ಇದನ್ನು ಮೀಸಲಿಡುವುದು ಲೇಸು.

ತಂತ್ರಾಂಶ ಪರಿಷ್ಕರಣೆಯಾದ ಮರುದಿನ ಪರದೆಯ ಚಿತ್ರಗಳು ಸ್ಥಳ ಬದಲಿಸಿರಬಹುದು, ತಿಂಗಳುಗಟ್ಟಲೆ ರೂಢಿಯಾದ ಬೆರಳು ಅಂದು ತಪ್ಪು ಜಾಗಕ್ಕೆ ಹೋಗುತ್ತದೆ. ಹೊರಡುವ ಮೊದಲು ಐದು ನಿಮಿಷ ನಿಂತ ಕಾರಿನಲ್ಲಿ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡುವುದು ಅಂದಿನ ಕೆಲಸ. ಮುಂದೆಂದೋ ಕಾರನ್ನು ಮಾರುವಾಗ ಟಯರು, ವಿಮೆಗಳ ಜೊತೆಗೆ ಇನ್ನೊಂದನ್ನೂ ಗಮನಿಸಬೇಕಾಗಿ ಬಂದಿದೆ: ಫೋನಿನಿಂದ ಪರದೆಗೆ ಇಳಿದ ಹೆಸರು, ನಂಬರು, ಮನೆಯ ವಿಳಾಸ, ಹೋಗಿಬಂದ ಊರುಗಳ ಪಟ್ಟಿ ಎಲ್ಲವೂ ಅದರೊಳಗೆ ಉಳಿದಿರುತ್ತವೆ, ಸೆಟ್ಟಿಂಗ್ಸ್‌ನಲ್ಲಿರುವ ಫ್ಯಾಕ್ಟರಿ ರೀಸೆಟ್ ಎಂಬ ಆಯ್ಕೆಯನ್ನು ಒತ್ತಿ ಅವನ್ನು ಅಳಿಸಿದ ಮೇಲೆಯೇ ಕೀಲಿಕೈಯನ್ನು ಕೊಡಬೇಕು.